ಹಗಲು ಹೇಳಿದ ಕಥೆ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹುಲಿಗೆವ್ವನ ಕಥೆ ಕೇಳದೆ ಬೆಳೆದ ಕೂಸು ಒಂದೂ ಇರಲಿಕ್ಕಿಲ್ಲ. ಸಂಜೆ ದೀಪ ಹಚ್ಚಿ, ಎಮ್ಮೆಯ ಮುಂದೆ ಮೇವು ಒಗೆದು ಅವಳು ಕಟ್ಟೆಗೆ ಬಂದು ಕೂತಳೆಂದರೆ ಸಾಕು, ಓಣಿಯ ಹುಡುಗರು ಹುಡುಗಿಯರೆಲ್ಲ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂಡುತ್ತಿದ್ದರು. ಮಾತಾಡುವ ಹಾವು, ಸತ್ತವರ ಎದೆಗೆ ಮುಟ್ಟಿಸಿದರೆ ಎಬ್ಬಿಸುವ ಕೋಲು, ಗಂಡನನ್ನು ಹಗಲೆಲ್ಲ ಟಗರು ಮಾಡಿ ಗೂಟಕ್ಕೆ ಕಟ್ಟುವ ಮಾಟಗಾತಿ, ಎಲ್ಲ ಅವಳ ಬಾಯಲ್ಲಿದ್ದವು. ಕೇಳುವವರು ನಡುನಡುವೆ ‘ಹೂಂ’ ಅನ್ನಬೇಕು. ಅನ್ನದಿದ್ದರೆ ಅವಳು ಎಲೆಯಡಿಕೆ ಚೀಲ ಬಿಚ್ಚಿಕೊಂಡು ಸುಮ್ಮನಾಗಿಬಿಡುತ್ತಿದ್ದಳು. ಇನ್ನೊಂದು ಕಟ್ಟಳೆ ಅದಕ್ಕಿಂತ ಬಿಗಿ. ಹಗಲಿನಲ್ಲಿ ಕಥೆ ಹೇಳಬಾರದು. ಹಗಲು ಕಥೆ ಕೇಳಿದ ಕೂಸಿನ ಸೋದರಮಾವ ಹಾದಿ ತಪ್ಪುತ್ತಾನೆ. ಇದು ಖರೆಯೋ ಸುಳ್ಳೋ ಎಂದು ಯಾರೂ ಕೇಳಿದವರಿಲ್ಲ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅಂದರೆ ಗುಡಿಸುತ್ತಿರಲಿಲ್ಲ, ಇದೂ ಹಾಗೆಯೇ.

ಸೋದರಮಾವನ ಅನ್ನ ಉಂಡು ಬೆಳೆಯುವ ಕೂಸು ಹುಲಿಗೆವ್ವನ ಮನೆಯಲ್ಲೇ ಒಂದಿತ್ತು. ಅವಳ ಮಗಳು ಹನುಮವ್ವ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು, ಮೊಲೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಕೂಸಿನ ಹೆಸರು ಶಾವಂತ್ರಿ. ಮನೆ ನಡೆಸುವವನು ಹನುಮವ್ವನ ಅಣ್ಣ ಮೈಲಾರಲಿಂಗಪ್ಪ. ಸೀರೆ, ಖಣಗಳ ಗಂಟು ಹೊತ್ತು ಮುಗದ, ಗರಗ ಅಂತ ಸಂತೆ ತಿರುಗುವುದು ಅವನ ಉದ್ಯೋಗ. ಅವನ ಹೆಂಡತಿ ದ್ಯಾಮವ್ವನಿಗೆ ಮಕ್ಕಳಾಗಿರಲಿಲ್ಲ. ಹನುಮವ್ವನ ತಮ್ಮ ಶಿದ್ದಪ್ಪ ರೈಲ್ವೆ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುವವ, ಇನ್ನೂ ಮದುವೆಯಿಲ್ಲ. ಇಷ್ಟು ಜನ, ಒಂದು ಎಮ್ಮೆ, ಎರಡು ಅಂಕಣದ ಮನೆ.

ಆ ವರ್ಷ ಶಿವರಾತ್ರಿಗೆ ಮುಂಚೆ ಶಾವಂತ್ರಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಡಾಕ್ಟರು ಬಂದು ನೋಡಿ, ಇದು ದಿನ ಹಿಡಿಯುವ ಜ್ವರ, ಔಷಧಕ್ಕಿಂತ ಹೊಟ್ಟೆಗೆ ಗಂಜಿ ಹೋಗುವುದು ಮುಖ್ಯ ಎಂದು ಹೇಳಿ ಹೋದರು. ಗಂಜಿಯೇ ಹೋಗಲೊಲ್ಲದು. ಹನುಮವ್ವ ಬಟ್ಟಲು ಹಿಡಿದರೆ ಹುಡುಗಿ ಗೋಡೆಗೆ ಮುಖ ತಿರುಗಿಸುತ್ತಿತ್ತು. ಸಂಜೆ ಆಯಿ ಹುಲಿಗೆವ್ವನ ಕಥೆ ಶುರುವಾದರೆ ಮಾತ್ರ ನಾಲ್ಕು ಗುಟುಕು ಒಳಗಿಳಿಯುತ್ತಿತ್ತು. ಹಗಲೆಲ್ಲ ಉಪವಾಸ.

ಮೈಲಾರಲಿಂಗಪ್ಪ ಗರಗದ ಸಂತೆಗೆಂದು ಮುಂಜಾನೆ ಗಂಟು ಹೊತ್ತು ಹೋದ ದಿನ ಹುಡುಗಿಯ ತುಟಿ ಒಡೆದು ಕಪ್ಪಗಾಗಿತ್ತು. ದ್ಯಾಮವ್ವ ಅರಿವೆ ಒಗೆಯಲು ಹೋಗಿದ್ದಳು. ಹನುಮವ್ವ ಬಟ್ಟಲು ಕೆಳಗಿಟ್ಟು ತಾಯಿಯನ್ನು ನೋಡಿದಳು. ಹುಲಿಗೆವ್ವನಿಗೆ ಕೇಳುವ ಮೊದಲೇ ತಿಳಿಯಿತು.

“ಆಗಂಗಿಲ್ಲ. ನಿಮ್ಮಣ್ಣ ಹಾದಿ ಮ್ಯಾಲ ಅದಾನ.”

“ಅಣ್ಣಗ ಗರಗದ ಹಾದಿ ಕಣ್ಣು ಕಟ್ಟಿ ಬಿಟ್ರೂ ಗೊತ್ತೈತಿ. ಇಕಿ ಹೊಟ್ಟಿಗೆ ಏನೂ ಹೋಗಲಿಲ್ಲಂದ್ರ ಸಂಜಿಗೆ ಯಾರಿಗೆ ಕಥಿ ಹೇಳ್ತೀಯವ್ವಾ?”

ಹುಲಿಗೆವ್ವ ಬಾಗಿಲು ಮುಂದೆ ಮಾಡಿ ಬಂದಳು. ಬೆಳಕಿಂಡಿಗೆ ಗೋಣಿತಟ್ಟು ತುರುಕಿದಳು. ಒಳಗೆ ಕತ್ತಲೆಯಾಯಿತು, ಆದರೂ ಅದು ಹಗಲಿನ ಕತ್ತಲೆಯೆಂದು ಮೂವರಿಗೂ ಗೊತ್ತಿತ್ತು. ಮೆಲ್ಲಗೆ, ಪಕ್ಕದ ಮನೆಗೆ ಕೇಳಿಸದ ದನಿಯಲ್ಲಿ ಕಥೆ ತೆಗೆದಳು. ಒಬ್ಬ ರಾಜಕುಮಾರ ಬೇಟೆಗೆ ಹೋಗಿ ನೀರಡಿಸಿ, ಅಡವಿಯೊಳಗೊಂದು ಮನೆ ಕಂಡು ಒಳಗೆ ಹೊಕ್ಕ. ಅದು ರಾಕ್ಷಸಿಯ ಮನೆ. ನೀರು ಕುಡಿದು ತಿರುಗಿ ನೋಡಿದರೆ ಬಂದ ಬಾಗಿಲು ಅಲ್ಲಿಲ್ಲ. ನಡೆದುಕೊಂಡು ಹೋಗಿ ಆಚೆ ಗೋಡೆಯಲ್ಲಿ ನಿಂತಿದೆ. ಆಚೆ ಗೋಡೆಗೆ ಹೋದರೆ ಅಡಿಗೆಮನೆಗೆ ಓಡಿದೆ. ಅಡಿಗೆಮನೆಗೆ ಹೋದರೆ ಅಟ್ಟ ಹತ್ತಿ ಕೂತಿದೆ. ಬಾಗಿಲು ಜಾಗ ಬಿಟ್ಟಾಗಲೆಲ್ಲ ಶಾವಂತ್ರಿ ‘ಹೂಂ’ ಅಂದಳು. ‘ಹೂಂ’ ಅಂದ ಬಾಯಿಗೆ ಹನುಮವ್ವ ಒಂದೊಂದು ಚಮಚ ಗಂಜಿ ಹಾಕಿದಳು. ಬಟ್ಟಲು ಬರಿದಾಯಿತು. ರಾಜಕುಮಾರ ಹೊರಗೆ ಬರುವ ಮೊದಲೇ ಹುಡುಗಿಗೆ ನಿದ್ದೆ ಹತ್ತಿತು.

ಆ ರಾತ್ರಿ ಜ್ವರ ಇಳಿಯಿತು.

ಮೈಲಾರಲಿಂಗಪ್ಪ ಬರಲಿಲ್ಲ. ಮೊದಮೊದಲು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವ್ಯಾಪಾರ ಕುದುರಿದರೆ ಅವನು ಅಲ್ಲೇ ಯಾರದೋ ಪಡಸಾಲೆಯಲ್ಲಿ ಬಿದ್ದುಕೊಂಡು ಮುಂದಿನ ಊರಿಗೆ ಹೋಗುವುದು ಇದ್ದದ್ದೇ. ದ್ಯಾಮವ್ವ ದಿನಾ ಸಂಜೆ ಅವನ ಪಾಲಿನ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಮರುದಿನ ಅವು ಒಣಗಿ ಕಟಿಯಾಗಿ ಹನುಮವ್ವನ ತಟ್ಟೆಗೆ ಬರುತ್ತಿದ್ದವು. ಮುಂದಿನ ಸಂತೆಯೂ ಕಳೆದ ಮೇಲೆ ಶಿದ್ದಪ್ಪ ಕೆಲಸಕ್ಕೆ ರಜೆ ಹಾಕಿ ಮುಗದ, ಗರಗ ಎರಡೂ ಕಡೆ ಹೋಗಿ ಬಂದ. ಬಂದವನು ಕಾಲು ತೊಳೆದು ಉಣ್ಣಲು ಕೂತ. ಅಲ್ಲಿ ಯಾರೂ ನೋಡಿಲ್ಲಂತೆ ಎಂದಷ್ಟೇ ಹೇಳಿದ. ಇನ್ನೊಂದು ರೊಟ್ಟಿ ಹಾಕಲು ಹೋದರೆ ಬೇಡವೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

ಶಾವಂತ್ರಿ ಎದ್ದು ಓಡಾಡತೊಡಗಿದ್ದಳು. ತಲೆಗೂದಲು ಉದುರಿ, ಕಾಲು ಸಣ್ಣಗಾಗಿದ್ದರೂ ಬಾಯಿ ಮಾತ್ರ ಮೊದಲಿನ ಹಾಗೆಯೇ. ಒಂದು ದಿನ ಕಟ್ಟೆಯ ಮೇಲೆ ಓಣಿಯ ಹುಡುಗಿಯರ ಎದುರು ಜಂಬ ಮಾಡುತ್ತ, ನಿಮಗೆಲ್ಲ ಆಯಿ ಸಂಜೆಗೆ ಮಾತ್ರ ಹೇಳುತ್ತಾಳೆ, ನನಗೆ ಹಗಲಲ್ಲೇ ಹೇಳಿದ್ದಾಳೆ, ಬಾಗಿಲು ನಡೆಯುವ ಕಥೆ, ಎಂದಳು. ದ್ಯಾಮವ್ವ ನಳದಿಂದ ಕೊಡ ಹೊತ್ತು ಬರುತ್ತಿದ್ದಳು. ನಿಂತು ಕೇಳಿದಳು. ಕೊಡ ಇಳಿಸದೆಯೇ, ಯಾವ ದಿನ ಹೇಳಿದಳೆಂದು ಕೇಳಿದಳು. ಮಾಮಾ ಗಂಟು ಹೊತ್ತು ಹೋದ ದಿನ, ಎಂದು ಹುಡುಗಿ ಹೇಳಿತು.

ಆ ದಿನದ ಜಗಳಕ್ಕೆ ಓಣಿಯೇ ಬಾಗಿಲಲ್ಲಿ ಬಂದು ನಿಂತಿತು. ದ್ಯಾಮವ್ವ ಕೂಗಾಡುವವಳಲ್ಲ, ಆದರೆ ಅವತ್ತು ಕೂಗಿದಳು. ತನ್ನ ಗಂಡ ಬೆನ್ನು ಬಾಗುವಂತೆ ಗಂಟು ಹೊತ್ತು ಈ ತಾಯಿಮಗಳಿಗೆ ಅನ್ನ ಹಾಕಿದ್ದಕ್ಕೆ ಅವನನ್ನೇ ನುಂಗಿದರೆಂದಳು. ಹನುಮವ್ವ ತಿರುಗಿ ಅಂದಳು, ಕೂಸು ಸಾಯುತ್ತಿತ್ತು ವೈನಿ, ನಿಮ್ಮ ಕೂಸಾಗಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಕ್ಕಳಿಲ್ಲದವಳಿಗೆ ಆಡಬಾರದ ಮಾತು ಅದು.

ಕಾರ್ಖಾನೆಯಿಂದ ಬಂದ ಶಿದ್ದಪ್ಪ ಮೈತುಂಬ ಮಸಿಯೊಂದಿಗೆ ನಡುವೆ ನಿಂತ.

“ನಾನೂ ಶಾವಂತ್ರಿಗೆ ಮಾಮಾನ ಅಲ್ಲೇನು? ನಾ ಯಾಕ ಹಾದಿ ತಪ್ಪಲಿಲ್ಲ? ದಿನಾ ಕಾರ್ಖಾನಿಗೆ ಹೋಗಿ ಸೀದಾ ಮನಿಗೇ ಬರಾಕತ್ತೇನಿ.”

ಬಾಗಿಲಲ್ಲಿದ್ದವರು ನಕ್ಕರು. ದ್ಯಾಮವ್ವ ಹೇಳಿದಳು, “ನಿನ್ನ ಹಾದಿ ಉದ್ದ ಎಷ್ಟೈತೋ? ಮಾರ್ಕೆಟ್ ದಾಟಿದ್ರ ಕಾರ್ಖಾನಿ. ತಪ್ಪಾಕ ಹಾದಿ ಬೇಕಲ್ಲ.”

ಅದಕ್ಕೂ ಜನ ನಕ್ಕರು. ನಗದವಳು ಹುಲಿಗೆವ್ವ ಒಬ್ಬಳೇ. ಅವಳು ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲರಿಗೂ ಕೇಳಿಸುವಂತೆ, “ಹೇಳ್ದಾಕಿ ನಾನು. ತಪ್ಪು ನಂದು. ನನ್ನ ಮಗಾ ನನ್ನ ಬಾಯಿಂದ ಹಾದಿ ತಪ್ಯಾನ,” ಎಂದಳು. ಇಷ್ಟು ಸಲೀಸಾಗಿ ಅವ್ವ ಒಪ್ಪಿಕೊಂಡದ್ದು ಕಂಡು ಹನುಮವ್ವನಿಗೆ ಕಸಿವಿಸಿಯಾಯಿತು. ಸಾರಿಗೆ ಒಂದು ಹಿಡಿ ಉಪ್ಪು ಹೆಚ್ಚಾದರೂ ತಪ್ಪು ತನ್ನದಲ್ಲ ಅನ್ನುವವಳು ಅವಳು.

ಓಣಿಯ ಮಠದ ಮಹಾಂತಯ್ಯನವರಿಗೆ ಸುದ್ದಿ ಮುಟ್ಟಿತು. ಅವರು ಬಂದು ಹಾಲು ಕುಡಿದು, ಕಥೆ ಮುಗಿದಿತ್ತೋ ಇಲ್ಲವೋ ಎಂದು ವಿಚಾರಿಸಿದರು. ಅರ್ಧಕ್ಕೆ ನಿಂತದ್ದು ತಿಳಿದ ಮೇಲೆ, ಹಾಗಾದರೆ ಅದನ್ನು ದೀಪದ ಮುಂದೆ ಮುಗಿಸಿರಿ, ಕಥೆಯೊಳಗಿನವನು ಹೊರಗೆ ಬಂದರೆ ಇವನಿಗೂ ಹಾದಿ ಕಂಡೀತು, ಎಂದರು. ಸೋಮವಾರ ಸಂಜೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ದ್ಯಾಮವ್ವ ಹೊಸ ಬತ್ತಿ ಹೊಸೆದು ಸಮೆಯ ದೀಪ ಹಚ್ಚಿಟ್ಟಳು.

ಹುಲಿಗೆವ್ವ ಕಥೆಯನ್ನು ಬಿಟ್ಟಲ್ಲಿಂದ ಹಿಡಿದಳು. ರಾಜಕುಮಾರನ ಹೆಂಡತಿ ಗಂಡನನ್ನು ಹುಡುಕುತ್ತ ರಾಕ್ಷಸಿಯ ಮನೆಗೆ ಬಂದಳು. ಬಾಗಿಲು ಅವಳನ್ನು ಕಂಡೊಡನೆ ಓಡತೊಡಗಿತು. ಅವಳು ಬೆನ್ನು ಹತ್ತಲಿಲ್ಲ. ಎಷ್ಟಂತ ನಡೀತಿ, ಕಾಲು ನೊಂದಿರಬೇಕು, ನಿಂದಿರು ತಾಯಿ, ಅಂದಳು. ಬಾಗಿಲು ನಿಂತಿತು. ಅವಳು ಹೊಸ್ತಿಲು ತೊಳೆದು, ತಿರುಗಣಿಗೆ ಎಣ್ಣೆ ಬಿಟ್ಟು, ಅರಿಷಿಣ ಕುಂಕುಮ ಹಚ್ಚಿದಳು. ಹುಟ್ಟಿದಾಗಿನಿಂದ ಯಾರೂ ಆ ಬಾಗಿಲಿಗೆ ಕುಂಕುಮ ಹಚ್ಚಿದವರಿರಲಿಲ್ಲ. ಬಾಗಿಲು ಗಳಗಳ ಅತ್ತಿತು, ಮತ್ತೆ ಕದಲಲಿಲ್ಲ. ರಾಜಕುಮಾರ ಹೊರಗೆ ಬಂದ.

‘ಬಂದ’ ಅನ್ನುವಲ್ಲಿ ಹುಲಿಗೆವ್ವನ ದನಿ ತಡವರಿಸಿತು. ಸಭೆಯೆಲ್ಲ ‘ಹೂಂ’ ಅಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಅಂದವಳು ದ್ಯಾಮವ್ವ.

ಮರುದಿನದಿಂದ ದ್ಯಾಮವ್ವ ಹೊಸ್ತಿಲಿಗೆ ಎಣ್ಣೆ ಹಚ್ಚತೊಡಗಿದಳು. ಅಡಿಗೆಗೆ ಇಲ್ಲದ ಎಣ್ಣೆ ಹೊಸ್ತಿಲಿಗೆ ಹೋಗುತ್ತಿತ್ತು. ಶಿದ್ದಪ್ಪನ ಪಗಾರದಲ್ಲಿ ಐದು ಹೊಟ್ಟೆ ತುಂಬುವಂತಿರಲಿಲ್ಲ. ಸಾರು ತಿಳಿಯಾಯಿತು, ಮಜ್ಜಿಗೆಯನ್ನು ಓಣಿಗೆ ಮಾರತೊಡಗಿದರು. ಹತ್ತಿ ಸುಗ್ಗಿಯ ಕಾಲ. ಊರಾಚೆಯ ಹತ್ತಿ ಗಿರಣಿಯಲ್ಲಿ ಹೆಣ್ಣಾಳುಗಳು ಬೇಕಾಗಿದ್ದರು. ಹನುಮವ್ವ ಯಾರನ್ನೂ ಕೇಳದೆ ಹೋಗಿ ಸೇರಿಕೊಂಡಳು. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆ ಕೂದಲು, ಹುಬ್ಬು, ರೆಪ್ಪೆಗೆಲ್ಲ ಅರಳೆ ಹತ್ತಿಸಿಕೊಂಡು ಮುದುಕಿಯ ಹಾಗೆ ಬರುತ್ತಿದ್ದಳು. ಕೂಲಿಯನ್ನು ದ್ಯಾಮವ್ವನ ಮುಂದೆಯೇ ಇಡುತ್ತಿದ್ದಳು. ದ್ಯಾಮವ್ವ ಅದನ್ನು ಎತ್ತಿಕೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಓಣಿ ಮೊದಲು ಕರಗಿತು. ಹೆಂಗಸರು ದ್ಯಾಮವ್ವನಿಗೆ ನಳದ ಪಾಳಿ ಬಿಟ್ಟುಕೊಡುತ್ತಿದ್ದರು. ಒಬ್ಬಳು ಬೆಲ್ಲ ತಂದುಕೊಟ್ಟಳು, ಇನ್ನೊಬ್ಬಳು ಹರಕೆ ಹೊತ್ತಳು. ಆಮೇಲೆ ಗುಸುಗುಸು ಹುಟ್ಟಿತು. ಹಾದಿ ತಪ್ಪಿದವನ ಹೆಣವೋ ಗಂಟೋ ಎಲ್ಲಿಯಾದರೂ ಸಿಗಬೇಕಲ್ಲ ಅಂದರು. ಹಾದಿ ತಪ್ಪಿಸಿದ ಹುಡುಗಿ ಅದೇ ಮನೆಯಲ್ಲಿ ಕುಂಟಾಬಿಲ್ಲೆ ಆಡಿಕೊಂಡಿದೆಯಲ್ಲ, ಮನೆಯವರಿಗೇ ಈ ಮಾತಿನ ಮೇಲೆ ನಂಬಿಗೆ ಇದ್ದಂತಿಲ್ಲ, ಅಂದರು. ದ್ಯಾಮವ್ವ ನಳದಿಂದ ಬರುವಾಗ ಮುಖ ಬಿಗಿದುಕೊಂಡು ಬರತೊಡಗಿದಳು.

ಯುಗಾದಿಯ ದಿನ ಬೇವು ಬೆಲ್ಲ ಆಯಿತು, ಉಣ್ಣಲು ಕೂತರು. ದ್ಯಾಮವ್ವ ಎಲ್ಲರ ತಟ್ಟೆಗೂ ಹೋಳಿಗೆ ಹಾಕುತ್ತ ಬಂದವಳು ಶಾವಂತ್ರಿಯ ತಟ್ಟೆ ದಾಟಿ ಮುಂದೆ ಹೋದಳು. ಹುಡುಗಿ, “ಅತ್ತಿ, ನನಗ?” ಎಂದು ತಟ್ಟೆ ಮುಂದೆ ಮಾಡಿತು. ದ್ಯಾಮವ್ವ ಅತ್ತೆ ಹುಲಿಗೆವ್ವನ ಕಡೆ ತಿರುಗಿದಳು. ಅವರು ಬರುವವರೆಗೆ ಈ ಹುಡುಗಿ ಈ ಮನೆಯ ಹೊಸ್ತಿಲು ತುಳಿಯಬಾರದು, ಎಂದಳು. ತಾಯಿ ಬೇಕಾದರೆ ಇರಲಿ, ಹೋಗಲಿ. ಹುಣ್ಣಿಮೆಯೊಳಗೆ ಹುಡುಗಿ ಹೊರಗೆ ಹೋಗಬೇಕು.

ಶಿದ್ದಪ್ಪ ಉಣ್ಣುವುದು ಬಿಟ್ಟು ಎದ್ದು ಹೋದ. ಹುಲಿಗೆವ್ವ ತನ್ನ ಹೋಳಿಗೆಯನ್ನು ಮೊಮ್ಮಗಳ ತಟ್ಟೆಗೆ ಹಾಕಿದಳು, ಆದರೆ ಸೊಸೆಗೆ ಒಂದು ಮಾತೂ ಎದುರಾಡಲಿಲ್ಲ. ಹನುಮವ್ವನಿಗೆ ಅದೇ ಎಲ್ಲಕ್ಕಿಂತ ಹೆಚ್ಚು ನಾಟಿತು. ಎಲ್ಲಿಗೆ ಹೋಗಬೇಕು? ಗಂಡನ ಮನೆಯಲ್ಲಿ ಹೆಸರು ಹಿಡಿದು ಕರೆಯುವವರಿಲ್ಲ. ಹೆಣ್ಣುಕೂಸನ್ನು ಕಟ್ಟಿಕೊಂಡು ಒಂಟಿ ವಿಧವೆ ಗಿರಣಿಯ ವಠಾರದಲ್ಲಿ ಇರುವುದೆಂದರೆ ಏನೆಂದು ಅಲ್ಲಿ ಇದ್ದವರ ಬಾಯಿಂದಲೇ ಅವಳು ಕೇಳಿದ್ದಳು.

ಎರಡು ದಿನ ಬಿಟ್ಟು, ಗಿರಣಿಯಿಂದ ಬರುವಾಗ ಟಾಂಗಾ ಹೊಡೆಯುವ ಯಾಕೂಬಸಾಬ ಅವಳನ್ನು ಕಂಡು ಕುದುರೆ ನಿಲ್ಲಿಸಿದ. ಅವನು ಮೈಲಾರಲಿಂಗಪ್ಪನ ಜೊತೆಗೆ ಗರಡಿಯಲ್ಲಿ ಮಣ್ಣು ಹಚ್ಚಿಕೊಂಡವನು, ಮನೆಯವರಿಗೆಲ್ಲ ಗುರುತು. ಟಾಂಗಾ ಖಾಲಿಯಿದೆ, ಹತ್ತು ತಂಗಿ ಎಂದ. ಅವಳು ಹತ್ತಿದಳು. ಸ್ವಲ್ಪ ದೂರ ಹೊಡೆದ ಮೇಲೆ ಕೇಳಿದ.

“ಆ ಹುಡುಗೀನ ಮನಿ ಬಿಟ್ಟು ಕಳಸ್ತಾರಂತ, ಖರೇ ಏನು?”

“ಖರೇರಿ.”

“ನಿಮ್ಮವ್ವ ಇನ್ನೂ ಹೇಳಿಲ್ಲೇನು ಹಂಗಾದ್ರ? ನಾ ಆವತ್ತ ಬಂದು ಹೇಳೇನಲ್ಲವಾ.”

ಅವನು ಕುದುರೆಯ ಬೆನ್ನು ನೋಡುತ್ತಲೇ ಹೇಳಿದ. ಗರಗದ ಸಂತೆಯ ಆ ದಿನವೇ ಸಂಜೆ ಸ್ಟೇಶನ್ನಿನಲ್ಲಿ ಮೈಲಾರಲಿಂಗಪ್ಪನನ್ನು ಕಂಡಿದ್ದ. ಜೊತೆಗೆ ಒಬ್ಬ ಹೆಣ್ಣುಮಗಳು, ಗರಗದಲ್ಲಿ ನೂಲು ನೂಲುವಾಕೆ, ಅವಳ ಕಂಕುಳಲ್ಲಿ ಕೂಸು. ಪುಣೆ ಗಾಡಿ ಹತ್ತಿದರು. ಎಲ್ಲಿಗೆ ದೋಸ್ತಾ ಎಂದು ಕೇಳಿದ್ದಕ್ಕೆ ಮೈಲಾರಲಿಂಗಪ್ಪ ಕೈ ಮುಗಿದನಂತೆ. ಕೈ ಮುಗಿದವನ ಮಾತು ಓಣಿಯಲ್ಲಿ ಆಡುವುದು ಸರಿಯಲ್ಲವೆಂದು ತಾಯಿಗೆ ಮಾತ್ರ ಹೇಳಿ ಸುಮ್ಮನಾಗಿದ್ದ.

ಹನುಮವ್ವ ಮನೆಗೆ ಬಂದಾಗ ಹುಲಿಗೆವ್ವ ಬೀಸುತ್ತಿದ್ದಳು. ಮಗಳು ಎದುರು ಕೂತು ಬೀಸುಕಲ್ಲಿನ ಗೂಟಕ್ಕೆ ಕೈ ಹಚ್ಚಿದಳು. ಕಲ್ಲಿನ ಸದ್ದಿನ ಮರೆಯಲ್ಲಿ ಕೇಳಿದಳು, ಯಾಕೂಬಣ್ಣ ಹೇಳಿದ್ದು ನಿನಗೆ ಯಾವಾಗಿನಿಂದ ಗೊತ್ತೆಂದು. ಹುಲಿಗೆವ್ವ ಜೋಳ ಹಾಕುವುದನ್ನು ನಿಲ್ಲಿಸಲಿಲ್ಲ. ಗೊತ್ತಿತ್ತು ಎಂದಳು. ಓಣಿಯಲ್ಲಿ ದ್ಯಾಮಿಯ ಮುಖ ಕೆಳಗಾಗಬಾರದೆಂದು ಕಥೆಯ ತಪ್ಪು ತಲೆಗೆ ಹೊತ್ತುಕೊಂಡೆ, ಅದು ಕೂಸಿನ ಕುತ್ತಿಗೆಗೆ ಬರುತ್ತದೆಂದು ಎಣಿಸಿರಲಿಲ್ಲ ಎಂದಳು.

“ಕುತ್ತಿಗಿಗೆ ಬಂದ ಮ್ಯಾಲರ ಹೇಳಬೇಕಿತ್ತಿಲ್ಲೋ?”

“ಬಾಯಿ ತನಕಾ ಬಂದಿತ್ತವ್ವಾ. ಹೊಸ್ತಿಲಕ್ಕ ಎಣ್ಣಿ ಹಚ್ಚಾಕತ್ತಿದ್ಲು ಅಕಿ. ಹೆಂಗ ಹೇಳಲಿ?”

“ನಾ ಹೇಳ್ತೇನಿ,” ಎಂದು ಹನುಮವ್ವ ಎದ್ದಳು.

ದ್ಯಾಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹನುಮವ್ವ ಎದುರಿಗೆ ಕೂತು, “ವೈನಿ, ಅಣ್ಣ ಹಾದಿ ತಪ್ಪಿಲ್ಲ,” ಎಂದಳು. ಸ್ಟೇಶನ್ನು, ಪುಣೆ ಗಾಡಿ, ಗರಗದ ಹೆಂಗಸು, ಕೂಸು, ಎಲ್ಲ ಹೇಳಿದಳು. ದ್ಯಾಮವ್ವನ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದಳು.

“ಕೂಸಿನ ತಲಿಮ್ಯಾಲ ಕುಲಾಯಿ ಇತ್ತಂತೇನು?”

ಹನುಮವ್ವನಿಗೆ ಅರ್ಥವಾಗಲಿಲ್ಲ. ಅದು ತನಗೆ ಗೊತ್ತಿಲ್ಲ ಎಂದಳು.

“ಇದ್ದಿರಬೇಕು. ನಾನಽ ಹೊಲದು ಕೊಟ್ಟೇನಿ. ಗರಗದಾಗ ಗಿರಾಕಿ ಒಬ್ಬಾಕಿ ಕೂಸಿಗೆ ಕುಲಾಯಿ ಕೇಳ್ಯಾಳ, ಛಲೋತಂಗ ಹೊಲಿ ಅಂದ್ರು. ನನ್ನ ಮದವಿ ಕುಬಸದ ಖಣಾ ಒಂದೀಟು ಉಳದಿತ್ತು, ಅದನ್ನ ಹಚ್ಚಿ ಹೊಲದೆ. ಅವರು ಅದನ್ನ ಕೈಯಾಗ ಹಿಡಕೊಂಡು ನೋಡಿದ್ದು ಕಂಡೆ. ಮಾರೋ ಮಾಲನ್ನ ಯಾರೂ ಹಂಗ ನೋಡಂಗಿಲ್ಲ ಹನುಮವ್ವಾ.”

ರೊಟ್ಟಿ ಉಬ್ಬಿತು. ಅವಳು ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡಳು.

“ಗೊತ್ತಿದ್ದೂ ನನ್ನ ಮಗಳನ್ನ ಹೊರಗ ಹಾಕ್ತೀರೇನ್ರಿ?”

“ಅಕಿ ಇಲ್ಲೇ ಉಂಡು ಆಡಿಕೋತ ಇದ್ರ ಯಾರು ನಂಬ್ತಾರ? ಈಗಽ ನಳದ ಹಂತ್ಯಾಕ ನಗಾಕತ್ತಾರ. ಹಾದಿ ತಪ್ಪಿದವನ ಹೇಂತಿ ಅಂತ ಪಾಳಿ ಬಿಡ್ತಿದ್ರು, ಮೊನ್ನಿಂದ ಬಿಡವಲ್ರು.”

“ಮಂದಿ ನಗ್ತಾರಂತ ಇಷ್ಟು ಸಣ್ಣ ಹುಡುಗೀನ…”

“ನಿನಗ ಮಗಳದಾಳ. ನನಗ ಈ ಓಣಿ ಒಂದಽ ಐತಿ.” ದ್ಯಾಮವ್ವ ಮೊದಲ ಸಲ ಕೈ ನಿಲ್ಲಿಸಿ ನಾದಿನಿಯ ಮುಖ ನೋಡಿದಳು. “ನೀ ಖರೇ ಹೇಳು, ನಾ ಬ್ಯಾಡನ್ನಂಗಿಲ್ಲ. ನಿಂದೇನೂ ತಪ್ಪಿಲ್ಲ. ಹೇಳೋದಿದ್ರ ನಾಳೆ ನಾ ನಳಕ್ಕ ಹೋಗೋದರಾಗ ಹೇಳಿಬಿಡು. ಆಮ್ಯಾಲ ನಾ ಕೊಡಾ ಹೊತ್ತು ಆ ಕಡೆ ಹೋಗಂಗಿಲ್ಲ. ಎಲ್ಲಿಗೂ ಹೋಗಂಗಿಲ್ಲ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಇಬ್ಬರೂ ಕೈ ಹಾಕಲಿಲ್ಲ.

ಮುಂಜಾನೆ ಹನುಮವ್ವ ಎರಡು ಸೀರೆ, ಮಗಳ ಲಂಗ, ಒಂದು ತಂಬಿಗೆ ಗಂಟು ಕಟ್ಟಿದಳು. ಹುಲಿಗೆವ್ವ ತಾನೂ ಬರುತ್ತೇನೆಂದಳು. ಮಗಳು ಬೇಡವೆಂದಳು, ವೈನಿಯ ಹತ್ತಿರ ಯಾರಾದರೂ ಇರಬೇಕು, ಒಬ್ಬಳನ್ನೇ ಬಿಡಬೇಡ, ಎಂದಳು. ಶಾವಂತ್ರಿಯ ಕೈ ಹಿಡಿದು ಓಣಿಗೆ ಇಳಿದಳು. ನಳದ ಸುತ್ತ ಹೆಂಗಸರು ನಿಂತಿದ್ದರು. ದ್ಯಾಮವ್ವ ಖಾಲಿ ಕೊಡ ಹಿಡಿದು ಅವರ ಹಿಂದೆ ನಿಂತಿದ್ದಳು, ಪಾಳಿ ಕೇಳಿರಲಿಲ್ಲ. ಎಲ್ಲಿಗೆ ಹೊರಟೆ ಹನುಮವ್ವಾ ಎಂದು ಒಬ್ಬಳು ಕೇಳಿದಳು.

ಹನುಮವ್ವ ಗಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು.

“ನನ್ನ ಮಗಳಿಗೆ ಹಗಲಿನ್ಯಾಗ ಕಥಿ ಹೇಳಿಸಿದೆ. ನಮ್ಮಣ್ಣ ಹಾದಿ ತಪ್ಪಿದ. ಅವಾ ಬರೋತನಕಾ ನಮ್ಮಿಬ್ಬರಿಗೂ ಈ ಮನ್ಯಾಗ ಅನ್ನದ ಋಣ ಇಲ್ಲ.”

ಮುಂದಿದ್ದವಳು ತನ್ನ ಕೊಡ ಎಳೆದುಕೊಂಡು ದ್ಯಾಮವ್ವನಿಗೆ ಜಾಗ ಬಿಟ್ಟಳು. ದ್ಯಾಮವ್ವ ಕೊಡವನ್ನು ನಳದ ಕೆಳಗಿಟ್ಟಳು. ನೀರು ಬೀಳುವ ಸದ್ದು ತಿರುವಿನವರೆಗೂ ಕೇಳಿಸಿತು. ತಿರುವಿನಲ್ಲಿ ಶಾವಂತ್ರಿ ಕೇಳಿದಳು, “ನಾ ಮಾಮಾನ್ನ ಕಳದೇನವ್ವಾ?” ಹನುಮವ್ವ ಲಗೂ ನಡೆ, ಗಿರಣಿ ಸೀಟಿ ಆಗುತ್ತದೆ, ಎಂದಳು.

ವಠಾರದಲ್ಲಿ ಖೋಲಿ ಹುಡುಕಿಕೊಟ್ಟವನು ಶಿದ್ದಪ್ಪನೇ. ಕೈಗಾಡಿಯಲ್ಲಿ ಒಂದು ಚೀಲ ಜೋಳ, ಒಡೆದ ಬೀಸುಕಲ್ಲು ತಂದು ಹಾಕಿ, ಬೆವರು ಒರೆಸಿಕೊಳ್ಳುತ್ತ ನಿಂತ. ಗರಗದಲ್ಲಿ ಅಣ್ಣನ ಸುದ್ದಿ ನನಗೂ ಹೇಳಿದ್ದರು ಅಕ್ಕಾ, ಎಂದ. ಅವ್ವನಿಗೆ ತಿಳಿದರೆ ಎದೆ ಒಡೆಯುತ್ತದೆ, ವೈನಿಗೆ ತಿಳಿದರೆ ಏನು ಮಾಡಿಕೊಳ್ಳುತ್ತಾಳೋ, ಎಂದು ಸುಮ್ಮನಿದ್ದೆ, ಎಂದ. ಹನುಮವ್ವ ಕಲ್ಲನ್ನು ಮೂಲೆಗೆ ತಳ್ಳಿದಳು. ಹೋಗು, ಹೊತ್ತಾಯಿತು, ಎಂದಳು. ಅವನು ವಾರಕ್ಕೊಮ್ಮೆ ಬರುತ್ತಿದ್ದ. ಅವ್ವ ಈಗ ಕಟ್ಟೆಗೆ ಬರುವುದಿಲ್ಲ, ಹುಡುಗರು ಬಂದರೆ ಬಾಗಿಲು ಮುಂದೆ ಮಾಡುತ್ತಾಳೆ ಎಂದು ಹೇಳುತ್ತಿದ್ದ. ವೈನಿ ನಳಕ್ಕೆ ಹೋಗಿ ಬರುತ್ತಾಳೆ ಎಂದೂ ಹೇಳುತ್ತಿದ್ದ.

ಬೇಸಿಗೆ ಬಲಿತಿತು. ವಠಾರದ ತಗಡು ಸಂಜೆಯಾದರೂ ಆರುತ್ತಿರಲಿಲ್ಲ, ಎಲ್ಲರೂ ಅಂಗಳದಲ್ಲೇ ಕೂಡುತ್ತಿದ್ದರು. ಒಂದು ಸಂಜೆ ಪಕ್ಕದ ಖೋಲಿಯ ಬೀರಪ್ಪನ ತಾಯಿ ದೀಪ ಹಚ್ಚಿಟ್ಟು ಮಕ್ಕಳನ್ನು ಕರೆದಳು. ಕುರಿ ಕಾಯುವವನೊಬ್ಬ ನಾಗಲೋಕಕ್ಕೆ ಇಳಿದ ಕಥೆ. ಮಕ್ಕಳೆಲ್ಲ ಹತ್ತಿರ ಹತ್ತಿರ ಸರಿದು ‘ಹೂಂ’ ಅನ್ನತೊಡಗಿದವು. ಹನುಮವ್ವ ಕೂದಲಿನ ಅರಳೆ ತೆಗೆಯುತ್ತ ಕೂತಿದ್ದಳು. ಮಗಳು ಆ ಗುಂಪಿನಲ್ಲಿ ಇರಲಿಲ್ಲ. ಖೋಲಿಯೊಳಗೆ ಬೀಸುಕಲ್ಲಿನ ಹಿಂದೆ ಮೊಣಕಾಲಲ್ಲಿ ತಲೆಯಿಟ್ಟುಕೊಂಡು, ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂತಿದ್ದಳು.

ಹನುಮವ್ವ ಒಳಗೆ ಹೋಗಿ ಒಂದು ಕೈ ಬಿಡಿಸಿದಳು.

“ದೀಪ ಹಚ್ಚ್ಯಾರ ಶಾವಂತ್ರಿ. ಈಗ ಕೇಳಿದ್ರ ಏನೂ ಆಗಂಗಿಲ್ಲ.”

ಹುಡುಗಿ ತಲೆ ಅಲ್ಲಾಡಿಸಿತು. “ಶಿದ್ದಪ್ಪಮಾಮಾ ಒಬ್ಬಾವಽ ಉಳದಾನವ್ವಾ,” ಎಂದು ಬೆರಳನ್ನು ತಿರುಗಿ ಕಿವಿಗೆ ಇಟ್ಟುಕೊಂಡಿತು.

ಹನುಮವ್ವನ ಬಾಯಿಗೆ ಎಲ್ಲ ಬಂತು. ಪುಣೆ ಗಾಡಿ ಬಂತು, ಗರಗದ ಕೂಸು ಬಂತು. ಆದರೆ ಈ ಹುಡುಗಿಗೆ ಹೇಳಿದರೆ ಶಿದ್ದಪ್ಪ ಬಂದ ದಿನ ಅದು ಅವನಿಗೆ ಹೇಳುತ್ತದೆ, ಅಂಗಳಕ್ಕೆ ಹೇಳುತ್ತದೆ, ಅಲ್ಲಿಂದ ಕಮರಿಪೇಟೆಯ ನಳ ಏನು ದೂರ? ಹೊರಗೆ ಮಕ್ಕಳು ಒಟ್ಟಿಗೆ ‘ಹೂಂ’ ಅಂದವು. ಅವಳು ಮಗಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಹುಡುಗಿಯ ಸಣ್ಣ ಕೈಗಳ ಮೇಲೆ ತನ್ನ ಎರಡೂ ಅಂಗೈ ಇಟ್ಟು, ಕಥೆ ಮುಗಿಯುವವರೆಗೂ ಗಟ್ಟಿಯಾಗಿ ಒತ್ತಿ ಹಿಡಿದಳು.